ಕರಗಿದ ಪದಕದ ಅಂಚು

ಇದರಲ್ಲಿ ಕೆಲವು ವಿವರಗಳು ನನ್ನ ನೆನಪಿನಲ್ಲಿ ಅದಲುಬದಲಾಗಿರಬಹುದು. ಈ ಘಟನೆಯನ್ನು ಡೈರಿಯಲ್ಲಿ ಎರಡು ಸಲ ಬರೆದಿದ್ದೇನೆ, ಒಮ್ಮೆ ಅದೇ ದಿನ, ಒಮ್ಮೆ ಕೆಲವು ವಾರ ಬಿಟ್ಟು. ಸಣ್ಣಪುಟ್ಟ ವಿಷಯಗಳಲ್ಲಿ ಅವೆರಡೂ ಒಂದಕ್ಕೊಂದು ಹೊಂದುವುದಿಲ್ಲ. ಮುಖ್ಯ ಸಂಗತಿ ಮಾತ್ರ ಎರಡರಲ್ಲೂ ಒಂದೇ ಇದೆ. ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಆಗ ನಾನು ತುಂಬ ಸಿಟ್ಟಿನಲ್ಲಿದ್ದೆ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ. ಸಿಟ್ಟಿನವರ ಸಾಕ್ಷಿಯನ್ನು ಎಷ್ಟು ನಂಬಬೇಕೋ ನೀವೇ ನೋಡಿ.

ನನ್ನ ದೊಡ್ಡಪ್ಪ ಸೈನ್ಯದಲ್ಲಿದ್ದರು. ಗುಂಡು ಹಾರುತ್ತಿದ್ದಾಗ ಗಾಯಗೊಂಡ ಜೊತೆಗಾರನನ್ನು ಬೆನ್ನ ಮೇಲೆ ಹೊತ್ತು ತಂದದ್ದಕ್ಕೆ ಅವರಿಗೆ ಶೌರ್ಯದ ಪದಕ ಬಂದಿತ್ತು. ದೀರ್ಘ ಸೇವೆಗೆ ಇನ್ನೊಂದು. ನಿವೃತ್ತರಾದ ಮೇಲೆ ಮೂಡಲಗಿಯಲ್ಲಿ ಮನೆ ಮಾಡಿದರು, ಅಲ್ಲಿಯೇ ತೀರಿಕೊಂಡರು. ಮಕ್ಕಳಿರಲಿಲ್ಲ. ದೊಡ್ಡವ್ವ ಎರಡೂ ಪದಕಗಳನ್ನು ಗೋಡೆಯ ಮೊಳೆಗೆ ತೂಗುಹಾಕಿದ್ದಳು. ಸೋಮವಾರಕ್ಕೊಮ್ಮೆ ಇಳಿಸಿ ವಿಭೂತಿ ಹಚ್ಚಿ ತಿಕ್ಕುವಳು. ಶೌರ್ಯದ ಪದಕದ ಅಂಚಿನ ಸುತ್ತ ದೊಡ್ಡಪ್ಪನ ನಂಬರು, ಹೆಸರು ಕೊರೆದಿದ್ದರು. ದೊಡ್ಡವ್ವನಿಗೆ ಓದು ಬಾರದು. ಹೆಬ್ಬೆರಳನ್ನು ಅಂಚಿನ ಮೇಲೆ ಆಡಿಸಿ, "ಇಲ್ಲೀಮಟ ನಂಬರ, ಇಲ್ಲಿಂದ ಹೆಸರ" ಎಂದು ಹೇಳುತ್ತಿದ್ದಳು. ಎಂದೂ ತಪ್ಪುತ್ತಿರಲಿಲ್ಲ.

ನಮ್ಮ ಮನೆತನದಲ್ಲಿ ಹಿರಿಯರು ಸತ್ತು ವರ್ಷ ತುಂಬಿದ ಮೇಲೆ ತೆಳುವಾದ ಬೆಳ್ಳಿ ತಗಡಿನ ಮೇಲೆ ಅವರ ಮೂರ್ತಿ ಮೂಡಿಸಿ ದೇವರ ಜಗಲಿಯ ಮೇಲೆ ಇಡುತ್ತಾರೆ. ಅದಕ್ಕೆ ಟಾಕು ಎನ್ನುತ್ತೇವೆ. ಟಾಕು ಇರುವುದು ಮನೆತನದ ಗಂಡಸರ ಮನೆಯ ಜಗಲಿಯಲ್ಲೇ, ವಿಧವೆಯ ಮನೆಯಲ್ಲಲ್ಲ. ಬೆಲ್ಲದ ಬಾಗೇವಾಡಿಯಿಂದ ಬಂದ ಕಾಕಾ, ಅಂದರೆ ದೊಡ್ಡಪ್ಪನ ತಮ್ಮ, ಎರಡೂ ಪದಕಗಳನ್ನು ಮೊಳೆಯಿಂದ ಇಳಿಸಿದರು. "ಅಣ್ಣನ ಟಾಕಕ್ಕ ಅಂಗಡಿ ಬೆಳ್ಳಿ ಯಾಕ? ಸರಕಾರ ಕೊಟ್ಟದ್ದ ಐತಲ್ಲ."

"ಅದು ನನ್ನ ಮನ್ಯಾಗ ಇರ್ಲಿ" ಎಂದಳು ದೊಡ್ಡವ್ವ. ಕಾಕಾ ಕೇಳಿಸಿಕೊಂಡಂತೆಯೇ ಕಾಣಲಿಲ್ಲ. ಆಕೆ ನನ್ನ ಕೈ ಹಿಡಿದು, "ನೀ ಹೋಗ, ಕರಗಿಸಾಕ ಬಿಡಬ್ಯಾಡ" ಎಂದಳು.

ಗೋಕಾಕದ ಅಕ್ಕಸಾಲಿ ಪತ್ತಾರರ ಅಂಗಡಿಯಲ್ಲಿ ನಾನು ಮಾಡದ ವಾದವಿಲ್ಲ. ಪದಕ ಹೆಂಡತಿಯದು, ಕೊರಳ ತಾಳಿಯ ಹಾಗೆ, ಅದನ್ನು ಕೇಳದೆ ಮುಟ್ಟುವ ಹಕ್ಕು ಯಾರಿಗೂ ಇಲ್ಲ ಎಂದೆ. ಕಾಕಾ ನಕ್ಕರು. "ನಿನಗ ಧಾರವಾಡಕ್ಕ ಕಳಿಸಿ ಕಲಿಸಿದ್ದು ನಮಗ ಕಾನೂನ ಹೇಳಾಕಂತ ಅಲ್ಲಬೇ." ಪತ್ತಾರರು ಎರಡನ್ನೂ ಒರೆಗಲ್ಲಿಗೆ ತಿಕ್ಕಿ ನೋಡಿದರು. ಶೌರ್ಯದ್ದು ಬೆಳ್ಳಿ, ಸೇವೆಯದು ಬೆಳ್ಳಿಯಲ್ಲ. ಕಾಕಾ ಸೇವೆಯ ಪದಕವನ್ನು ನನ್ನ ಕಡೆ ಸರಿಸಿ, "ಇದನ್ನ ನಿಮ್ಮ ದೊಡ್ಡವ್ವಗ ಕೊಡ, ಇದರಾಗ ಏನೂ ಇಲ್ಲ" ಎಂದರು. ಹಿಮದಲ್ಲಿ, ಮರಳಿನಲ್ಲಿ ಕಳೆದ ಅಷ್ಟು ವರ್ಷಗಳಲ್ಲಿ ಏನೂ ಇಲ್ಲವಂತೆ!

ಪದಕ ಕರಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಮೂಸೆಯಲ್ಲಿ ಅದು ಕೆಂಪಾಗಿ, ಕುಸಿದು, ನೀರಾಯಿತು. ಅದನ್ನು ಎರಕ ಹೊಯ್ದು, ಬಡಿದು ತಗಡು ಮಾಡಿ, ಅಚ್ಚಿನ ಮೇಲಿಟ್ಟು ಪೇಟ ಸುತ್ತಿದ ಒಂದು ಮುಖ ಮೂಡಿಸಿದರು. ಅದು ಯಾರ ಅಣ್ಣನದಾದರೂ ಆಗಬಹುದಾಗಿದ್ದ ಮುಖ. ಬದಲಿ ಬೆಳ್ಳಿ ಹಾಕಿರಬಹುದೆಂಬ ಸಂಶಯಕ್ಕೂ ಜಾಗವಿಲ್ಲ. ಟಾಕು ಕಾಕಾನ ಕೈಗೆ ಬರುವ ತನಕ ನಾನು ಅಲ್ಲಿಂದ ಕದಲಲಿಲ್ಲ.

ಅಮವಾಸ್ಯೆಯ ದಿನ ಮಧ್ಯಾಹ್ನ ಕಾಕಾನ ಮನೆಯಲ್ಲಿ ಟಾಕನ್ನು ಜಗಲಿಗೇರಿಸುವ ಪೂಜೆ. ದೊಡ್ಡವ್ವನನ್ನು ಕರೆದಿದ್ದರು, ಆದರೆ ಹೊಸ್ತಿಲ ಹೊರಗೆ ಕೂರಿಸಿದ್ದರು. ಮುತ್ತೈದೆಯರೆಲ್ಲ ಹಾಲೆರೆದರು. ಗಂಡನಿಗೆ ಹಾಲೆರೆಯಲು ಹೆಂಡತಿಗೆ ಮಾತ್ರ ಅಪ್ಪಣೆಯಿಲ್ಲ. ನನಗೆ ತಡೆಯಲಾಗಲಿಲ್ಲ. ತಾಟಿನಿಂದ ಟಾಕನ್ನು ಎತ್ತಿಕೊಂಡು ಹೋಗಿ ದೊಡ್ಡವ್ವನ ಕೈಗೆ ಕೊಟ್ಟುಬಿಟ್ಟೆ.

ಆಕೆ ಅದರ ಮುಖ ನೋಡಲೇ ಇಲ್ಲ. ಕಣ್ಣು ಮುಚ್ಚಿ ಹೆಬ್ಬೆರಳನ್ನು ಅಂಚಿನ ಮೇಲೆ ಆಡಿಸಿದಳು. ಒಂದು ಕಡೆ ಬೆರಳು ನಿಂತಿತು. "ಇಲ್ಲೀಮಟ ನಂಬರ" ಎಂದಳು, ಬಹಳ ಸಹಜವಾಗಿ.

ಪಾಪ, ದುಃಖದಲ್ಲಿ ಹೀಗೆ ಹೇಳುತ್ತಿದ್ದಾಳೆ ಎಂದುಕೊಂಡು ಟಾಕನ್ನು ತೆಗೆದುಕೊಂಡೆ. ಆಗ ನನ್ನ ಬೆರಳಿಗೂ ಅಕ್ಷರಗಳು ಹತ್ತಿದವು. ಒರಟು ಅಂಚಲ್ಲ, ಉಗುರು ಸಿಕ್ಕಿಕೊಳ್ಳುವಂಥ ಕೊರೆದ ಅಕ್ಷರಗಳು, ಒಂದರ ಪಕ್ಕ ಒಂದು. ಒಳಗೆ ತಂದು ಬೆಳಕಿಂಡಿಯ ಕೆಳಗೆ ಹಿಡಿದು ನೋಡಿದೆ. ಅಂಚು ನುಣ್ಣಗಿತ್ತು. ಕಾಗದದಷ್ಟು ತೆಳುವಾದ ಆ ತಗಡಿನ ಅಂಚಿನಲ್ಲಿ ಅಕ್ಷರ ಕೂರುವಷ್ಟು ಜಾಗವೇ ಇರಲಿಲ್ಲ. ಮತ್ತೆ ಬೆರಳಿಟ್ಟೆ. ಅಕ್ಷರಗಳು ಇದ್ದವು.

"ಏನ್ ಹಚ್ಚೀರಿ ತಾಯಿ ಮಗಳ?" ಎಂದು ಕಾಕಾ ನನ್ನ ಕೈಯಿಂದ ಟಾಕನ್ನು ಕಿತ್ತುಕೊಂಡರು. ಬೈಯಲು ಬಾಯಿ ತೆರೆದರು, ಅಷ್ಟರಲ್ಲಿ ಬೆರಳು ಅಂಚಿಗೆ ತಾಗಿತು. ಅವರ ಹೆಬ್ಬೆರಳು ಅಂಚಿನ ಗುಂಟ ಮೆಲ್ಲಗೆ ಸರಿಯುತ್ತ ಹೋಯಿತು. ಆಮೇಲೆ ಟಾಕನ್ನು ತಾಟಿನಲ್ಲಿಟ್ಟು, ಕೈಯನ್ನು ಧೋತರಕ್ಕೆ ಒರೆಸಿಕೊಂಡು ಹಿತ್ತಲಿಗೆ ನಡೆದರು. ಅದನ್ನು ಜಗಲಿಗೇರಿಸಿದ್ದು ಕಾಕು, ಕಾಕಾನ ಹೆಂಡತಿ. ಅಂದಿನಿಂದ ಕಾಕಾ ಅದನ್ನು ಮುಟ್ಟಿಲ್ಲವೆಂದು ಕಾಕು ಹೇಳುತ್ತಾಳೆ.

ದೊಡ್ಡವ್ವನ ಮಾತು, ನನ್ನ ಸಿಟ್ಟು, ಎರಡೂ ಸೇರಿ ನನ್ನ ಬೆರಳನ್ನು ಮೋಸಗೊಳಿಸಿರಬಹುದು. ಹಾಗೆಂದು ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಕಾಕಾನಿಗೆ ಸಿಟ್ಟಿತ್ತೇ ಹೊರತು ನಂಬಿಕೆಯಿರಲಿಲ್ಲ. ದೊಡ್ಡವ್ವ ಹೊಸ್ತಿಲ ಹೊರಗೆ ಆಡಿದ ಮಾತು ಒಳಗಿದ್ದ ಅವರಿಗೆ ಕೇಳಿಸಿಯೂ ಇರಲಿಲ್ಲ.

ಈಚೆಗೆ ಹುಕ್ಕೇರಿಯಲ್ಲಿ ಸಂಬಂಧಿಕರ ಮದುವೆಯ ಪಂಕ್ತಿಯಲ್ಲಿ ಕಾಕಾನ ಬಾಜೂ ಕುಳಿತಿದ್ದೆ. ಟಾಕನ್ನು ದೊಡ್ಡವ್ವಗೆ ಕೊಟ್ಟುಬಿಡಿ ಎಂದೆ. ಅದು ಪದ್ಧತಿಯಲ್ಲ ಎಂದರು, ಕಬ್ಬಿನ ಮಾತು ತೆಗೆದರು. ಆಗ ಇನ್ನೊಂದು ಮಾತು ಕೇಳಿದೆ. ಅವರು ಅರ್ಧ ಊಟ ಬಿಟ್ಟು ಕೈ ತೊಳೆಯಲು ಎದ್ದುಹೋದರು. ನಾನು ಕೇಳಿದ್ದು ಇಷ್ಟೇ:

"ಕಾಕಾ, ಅವತ್ತ ನಿಮ್ಮ ಹೆಬ್ಬಟ್ಟಿಗೆ ಹತ್ತಿದ್ದು ಏನರಿ?"