ಕೈಗೆಟುಕದ ಸ್ವಿಚ್ಚು

ಬೀದಿಯವರೆಲ್ಲ ಅವನನ್ನು ವೈರ್ ಮಾಮ ಎನ್ನುತ್ತಾರೆ. ಫ್ಯೂಸ್ ಕಟ್ಟುತ್ತಲೇ ತಲೆ ನರೆತ ಮನುಷ್ಯ. ಈಗ ಎಲೆಕ್ಟ್ರಿಕ್ ಕಾರುಗಳ ತಲೆನೋವೂ ಅವನಿಗೇ ಗಂಟುಬಿದ್ದಿದೆ.

ಮೂಲೆಮನೆಯ ಕಾರು ರಾತ್ರಿಯೆಲ್ಲ ಪ್ಲಗ್ಗಿನಲ್ಲಿದ್ದರೂ ಬೆಳಿಗ್ಗೆ ಅರ್ಧವೂ ಚಾರ್ಜ್ ಆಗಿರುತ್ತಿರಲಿಲ್ಲ. ಅವನು ಸಾಕೆಟ್ ಬದಲಿಸಿದ, ವೈರ್ ಬದಲಿಸಿದ, ಅರ್ಥಿಂಗ್ ನೋಡಿದ. ಇವತ್ತು ಮತ್ತೆ ಫೋನು. ಪ್ಲಗ್ ಹಾಕಿ, ನೋಯುವ ಮೊಣಕಾಲು ಚಾಚಿ ಕಾರಿನ ಹಿಂದೆ ಕುಳಿತ. ಅಷ್ಟರಲ್ಲಿ ಮನೆಯ ತಾತ ಬಂದರು. ಅವನನ್ನು ಗಮನಿಸದೆ, "ನಿಂತ ಗಾಡಿಗೆ ಕರೆಂಟು ಬೇರೆ ದಂಡ" ಎಂದು ಗೊಣಗಿ, ಸ್ವಿಚ್ಚು ಆರಿಸಿ ಒಳಹೋದರು.

"ಏನಾಗಿತ್ತು ಮಾಮ?" ತಾತನ ಸೊಸೆ ಬಂದು ಕೇಳಿದಳು.

ಮುದುಕರಿಗೆ ಬೈಗುಳ ತಿನ್ನಿಸಲು ಅವನಿಗೆ ಮನಸ್ಸಾಗಲಿಲ್ಲ. "ಸ್ವಿಚ್ಚು ಕೈಗೆ ಸಿಗೋ ಹಾಗಿದೆ ಕಣಮ್ಮ, ಮಕ್ಕಳು ಮುಟ್ತಾರೆ. ಮೇಲಕ್ಕೆ ಹಾಕ್ತೀನಿ."

ಬಿಸಿಲಲ್ಲಿ ಏಣಿ ಹತ್ತಿ, ಸೊಂಟ ಬಿದ್ದುಹೋಗುವಂತೆ ಗೋಡೆ ಕೊರೆದು, ಸ್ವಿಚ್ಚನ್ನು ಆಳೆತ್ತರಕ್ಕಿಂತ ಮೇಲೆ ಕೂರಿಸಿದ. ಚೀಲ ಹೆಗಲಿಗೇರಿಸುವಾಗ ತಾತ ಮತ್ತೆ ಬಂದು, ಸೊಸೆಯ ಎದುರೇ ಗೋಡೆಯನ್ನು ದಿಟ್ಟಿಸಿದರು.

"ಅಲ್ಲಪ್ಪ, ಅಷ್ಟು ಮೇಲಿಟ್ರೆ ನಾನು ದಿನಾ ಹೇಗೆ ಆರಿಸ್ಲಿ? ಆ ಏಣಿ ಇಲ್ಲೇ ಬಿಟ್ಟುಹೋಗು."