ಎಂಜಿನ್ ಸಂದಿಗೆ ಒಂದು ಬಸ್ ಟಿಕೆಟ್

“ಈಜಾಕ ಬರದವರು ದೋಣಿಗೆ ಎಂಜಿನ್ ಕೂಡಸ್ತಾರಂತ! ಆಗೂ ಮಾತಲ್ಲ ಬಿಡ್ರಿ,” ಎಂದು ಮೊದಲು ನಕ್ಕವರು ಮಿಸ್ತ್ರಿ ಕಾಕಾ ಅವರ ಹೆಂಡತಿ, ಕಾಕಿಯೇ. ಅಮರಗೋಳದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದ ಮಿಸ್ತ್ರಿ ಕಾಕಾ, ಕೆರೆಯ ವಿಹಾರದ ದೋಣಿಯ ಎರಡೂ ಹಳೆಯ ಎಂಜಿನ್ ತೆಗೆದು ಹೊಸವನ್ನು ಕೂರಿಸಲು ಒಪ್ಪಿಕೊಂಡಿದ್ದರು. ನಾನು ಆಗಷ್ಟೇ ಎಂಜಿನಿಯರಿಂಗ್ ಮುಗಿಸಿ ಅವರ ಬಳಿ ಕೆಲಸ ಕಲಿಯುತ್ತಿದ್ದೆ. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು.

ಯಾರು ಏನೇ ತಕರಾರು ತಂದರೂ ಕಾಕಾ ಕೈ ಒರೆಸಿಕೊಂಡು, “ಬಿಚ್ಚಿ ನೋಡೂಣು,” ಎನ್ನುತ್ತಿದ್ದರು.

ಟ್ರ್ಯಾಕ್ಟರಿನ ರೂಢಿಯಂತೆ ದಂಡೆಯ ಮೇಲೆಯೇ ಎಂಜಿನ್ನುಗಳನ್ನು, ನೀರೊಳಗೆ ತಿರುಗಿ ದೋಣಿ ತಳ್ಳುವ ಫ್ಯಾನಿನ ಶಾಫ್ಟಿಗೆ ನೇರ ಮಾಡಿ ಬಿಗಿದರು. ದೋಣಿ ನೀರಿಗಿಳಿಯಿತು. ಮರುದಿನವೇ ಸರಕಾರಿ ಸಾಹೇಬರ ತಪಾಸಣೆ ಇತ್ತು. ನೀರಿನಲ್ಲಿ ದೋಣಿಯ ಮೈ ತುಸು ಬಾಗುತ್ತದೆ, ಜೋಡಣೆ ಕದಲಿರಬಹುದು ಎಂದು ಅಂಜುತ್ತಲೇ ಹೇಳಿದೆ.

“ನಿನ್ನೆ ಪಾಸಾದ ಹುಡುಗಿ ಮಾತು ಕೇಳ್ತೀರೇನ್ರಿ ಮಿಸ್ತ್ರಿ?” ಎಂದು ದೋಣಿ ನಡೆಸುವ ಗುತ್ತಿಗೆದಾರರು ರೇಗಿದರು. ತಪಾಸಣೆಯಲ್ಲಿ ದೋಣಿ ಫೇಲಾದರೆ ಹೋಗುವುದು ಕಾಕಾ ಅವರ ಹೆಸರು.

ಕಾಕಾ ಕಿಸೆಯಿಂದ ಬಸ್ ಟಿಕೆಟ್ ತೆಗೆದು ಎಂಜಿನ್ನೂ ಶಾಫ್ಟೂ ಕೂಡುವ ಸಂದಿಗೆ ತೂರಿಸಿದರು. ಜೋಡಣೆ ನೇರವಿದ್ದರೆ ಆ ಸಂದಿ ಸುತ್ತಲೂ ಒಂದೇ ಸಮ ಇರಬೇಕು. ಮೇಲೆ ಹೋಗಲಿಲ್ಲ, ಕೆಳಗೆ ಸಲೀಸಾಗಿ ಹೋಯಿತು.

“ಮಗಳು ಖರೇ ಹೇಳ್ಯಾಳ. ಬಿಚ್ಚಿ ನೋಡೂಣು,” ಎಂದವರೇ, ದೋಣಿ ಅಲುಗಿದಾಗಲೆಲ್ಲ ಅಂಚಿನ ಕಂಬಿ ಹಿಡಿದುಕೊಳ್ಳುತ್ತ, ಸಂಜೆಯೊಳಗೆ ಎರಡೂ ಎಂಜಿನ್ ಸಡಿಲಿಸಿ ಮತ್ತೆ ಕೂರಿಸಿದರು.

ಮರುದಿನ ದೋಣಿ ಪಾಸಾಯಿತು. ಸಾಹೇಬರು ಕೊಟ್ಟ ಪ್ರಮಾಣಪತ್ರವನ್ನು ಕಾಕಾ ತಾವು ಇಟ್ಟುಕೊಳ್ಳದೆ ನನ್ನ ಕೈಗಿತ್ತರು. ಬುತ್ತಿ ತಂದಿದ್ದ ಕಾಕಿ ನಡೆದದ್ದನ್ನೆಲ್ಲ ಕೇಳಿ, ನನ್ನ ಗದ್ದ ಹಿಡಿದು ಅಂದರು:

“ನಾ ಹೇಳಿದ್ರ ಒಂದು ನಟ್ ಸಡಿಲ ಮಾಡಿದವರಲ್ಲ ಇವರು. ನಿನ್ನ ಮಾತಿಗೆ ಎಲ್ಲಾ ಬಿಚ್ಚ್ಯಾರಂದ್ರ, ನೀ ಖರೇನ ಕಲ್ತೀಯವಾ!”