ಡಯಾಲಿಸಿಸ್ ಇಲ್ಲದ ದಿನ

ಮಂಗಳವಾರ, ಗುರುವಾರ, ಶನಿವಾರ ನನ್ನ ಹೆಂಡತಿಗೆ ಡಯಾಲಿಸಿಸ್. ಉಳಿದ ದಿನಗಳಲ್ಲೂ ಬೆಳಗಿನ ಹೊತ್ತು ಮಾತ್ರ ಸ್ವಲ್ಪ ಚೈತನ್ಯ ಇರುತ್ತಿತ್ತು. ಮಧ್ಯಾಹ್ನದ ಮೇಲೆ ಕಾಲು ಊದಿಕೊಂಡು ಮಲಗಿಬಿಡುತ್ತಿದ್ದಳು. ಒಂದು ಭಾನುವಾರ ಬೆಳಿಗ್ಗೆ, ಅವಳ ತಂಗಿಯ ಊರಿಗೆ ಹೋಗಿ ಊಟದ ಹೊತ್ತಿಗೆ ಹಾಸನಕ್ಕೆ ಮರಳೋಣ ಎಂದು ಕಾರಿನಲ್ಲಿ ಕೂರಿಸಿಕೊಂಡೆ. ಗಾಳಿ ಬದಲಾವಣೆಗೆ ಎಂದು ಹೇಳಿದ್ದೆ. ಅದು ಸುಳ್ಳು. ನಾನು ಹೊರಟಿದ್ದು ನಾದಿನಿಯನ್ನು ಒಂದು ಕಿಡ್ನಿ ಕೇಳಲು.

ಬೇರೆ ಯಾರೂ ಉಳಿದಿರಲಿಲ್ಲ. ನನ್ನದು ಹೊಂದಲಿಲ್ಲ. ಅವಳ ಅಣ್ಣನಿಗೆ ಬಿ.ಪಿ. ಕಾಯುವವರ ಪಟ್ಟಿಯಲ್ಲಿ ಹೆಸರು ಬರೆಸಿ ಎರಡು ವರ್ಷವಾಗಿತ್ತು. ನಾದಿನಿ ಎಂಟು ತಿಂಗಳಿಂದ ಅಕ್ಕನನ್ನು ನೋಡಲು ಬಂದಿರಲಿಲ್ಲ. ಫೋನಿನಲ್ಲೂ ಎರಡು ಮಾತಾಡಿ ಇಟ್ಟುಬಿಡುತ್ತಿದ್ದಳು. ಎಲ್ಲಿ ಕೇಳಿಬಿಡುತ್ತೇವೋ ಎಂದು ತಪ್ಪಿಸಿಕೊಳ್ಳುತ್ತಿದ್ದಾಳೆ ಎಂದೇ ನಾನು ತಿಳಿದಿದ್ದೆ. ಇಪ್ಪತ್ತು ವರ್ಷ ಮೇಷ್ಟ್ರಾಗಿ ಮಾತಾಡಿಯೇ ಬದುಕಿದವನು, ಕೇಳಬೇಕಾದ ಒಂದು ಮಾತನ್ನು ಹೊಳೆನರಸೀಪುರದವರೆಗೂ ಮನಸ್ಸಿನಲ್ಲೇ ತಿದ್ದುತ್ತಾ ಬಂದೆ.

ಹಳ್ಳಿಮೈಸೂರಿಗೆ ಮುಂಚೆಯೇ ದೊಡ್ಡ ರಸ್ತೆ ಬಿಟ್ಟು ಇಳಿದರೆ ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ನಾದಿನಿಯ ಊರು. ಹೊಲಗಳ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಹೆಂಡತಿ ಗಾಜು ಇಳಿಸಿ, ಅವರೆಯ ಸೊಗಡು ಬರುತ್ತಿದೆ ಎಂದಳು. ತಿಂಗಳುಗಳಿಂದ ಅವಳ ಬಾಯಲ್ಲಿ ಆಸ್ಪತ್ರೆ ಬಿಟ್ಟು ಬೇರೆ ಮಾತು ಕೇಳಿರಲಿಲ್ಲ. ನನ್ನ ಆಸೆ ಇನ್ನಷ್ಟು ಹೆಚ್ಚಿತು.

ನಾದಿನಿ ಅಕ್ಕನನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟಳು. ಅವಳ ಗಂಡ ಎಳನೀರು ಕೆತ್ತಿ ತಂದ. ಕಿಡ್ನಿ ಕೆಟ್ಟವರು ಅದನ್ನು ಕುಡಿಯುವಂತಿಲ್ಲ ಎಂದು ನಾನು ಹೇಳಬೇಕಾಯಿತು. ಹೆಂಡತಿ ಅದನ್ನು ನನ್ನ ಕೈಗೆ ಕೊಟ್ಟು ಜಗಲಿಯ ಚಾಪೆಯ ಮೇಲೆ ಒರಗಿದಳು. ಅವರೆಕಾಯಿ ಕಿತ್ತು ತರುತ್ತೇನೆಂದು ನಾದಿನಿ ಬುಟ್ಟಿ ಎತ್ತಿಕೊಂಡಾಗ ನಾನೂ ಹಿಂದೆ ಹೋದೆ.

ಹೊಲದಲ್ಲಿ, ತಿದ್ದಿಟ್ಟುಕೊಂಡಿದ್ದ ಮಾತು ಒಂದೂ ನೆನಪಾಗಲಿಲ್ಲ.

“ನಿಮ್ಮಕ್ಕ ಇನ್ನು ಹೆಚ್ಚು ದಿನ ತಡೆಯೋದಿಲ್ಲ ಕಣವ್ವ. ಒಂದ್ಸಲ ನೀನು ಪರೀಕ್ಷೆ ಮಾಡಿಸ್ಕೊತೀಯಾ?” ಎಂದುಬಿಟ್ಟೆ. ಕೈ ಮುಗಿದು ನಿಂತಿದ್ದೇನೆ ಎನ್ನುವುದು ಆಮೇಲೆ ಗೊತ್ತಾಯಿತು.

“ಕೈ ಇಳಿಸಿ ಭಾವ. ನಾನು ಆಗ್ಲೇ ಓಗ್ಬಂದೆ,” ಎಂದಳು. “ಯುಗಾದಿ ಆದ್ಮೇಲೆ ಒಬ್ಳೇ ಬಸ್ ಅತ್ಕೊಂಡು ಆಸ್ಪತ್ರೆಗೆ ಓದೆ. ರಕ್ತ ಒಂದೇ ಐತೆ, ಆದ್ರೆ ನಂಗೆ ಸಕ್ಕರೆ ಕಾಯ್ಲೆ ಐತೆ, ಕೊಡಂಗಿಲ್ಲ ಅಂದ್ಬುಟ್ರು ಡಾಕ್ಟ್ರು. ಆಮ್ಯಾಕೆ ಯಾವ ಮುಖ ಇಟ್ಕೊಂಡು ಅಕ್ಕನ ತಾವ ಬರ್ಲಿ?”

ಇಷ್ಟು ದಿನ ಮನಸ್ಸಿನಲ್ಲೇ ಅವಳನ್ನು ಬೈದಿದ್ದಕ್ಕೆ ನಾಚಿಕೆಪಡುವಷ್ಟೂ ಶಕ್ತಿ ನನ್ನಲ್ಲಿರಲಿಲ್ಲ. ಇನ್ನು ಯಾರನ್ನು ಕೇಳಲಿ ಎಂಬುದೊಂದೇ ತಲೆಯಲ್ಲಿ. ಬದುವಿನ ಮೇಲೆ ಕುಸಿದು ಕೂತು ಅತ್ತೆ. ಅವಳೂ ಅಳುತ್ತಲೇ ಕಾಯಿ ಕೀಳುತ್ತಿದ್ದಳು.

ಹನ್ನೊಂದಕ್ಕೆ ಹೊರಟೆವು. ಕಣಿವೆಯ ಏರು ಹತ್ತಿ ಟಾರು ರಸ್ತೆಗೆ ಬಂದಾಗ ಹೆಂಡತಿ, “ಕೇಳಿದ್ರಾ?” ಎಂದಳು. ನಾನು ಯಾಕೆ ಹೊರಟಿದ್ದೇನೆಂದು ಅವಳಿಗೆ ಬೆಳಿಗ್ಗೆಯೇ ಗೊತ್ತಾಗಿತ್ತಂತೆ. ಎಲ್ಲವನ್ನೂ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಹೊಳೆನರಸೀಪುರದ ಸೇತುವೆ ದಾಟಿದ್ದೆವು.

“ಒಬ್ಳೇ ಹೋಗಿದ್ಲಾ?” ಎಂದಳು. “ಮಾತ್ರೆ ಸರಿಯಾಗಿ ತಗೋತಿದಾಳಾ, ಕೇಳಿದ್ರಾ?”

ನಾನು ಕೇಳಿರಲಿಲ್ಲ. ಫೋನು ಇಸಿದುಕೊಂಡು ತಂಗಿಗೆ ಮಾಡಿದಳು. ಮೊದಲು ಬೈದಳು, ಆಮೇಲೆ ಹಾಸನ ಬರುವವರೆಗೂ ಇಬ್ಬರೂ ಮಾತಾಡಿದರು.

ಅಲ್ಲಿಂದ ಮುಂದೆ ನಾದಿನಿ ಪ್ರತಿ ಶನಿವಾರ ಬಂದು ಅಕ್ಕನ ಹಾಸಿಗೆಯ ಪಕ್ಕ ಕೂರುತ್ತಿದ್ದಳು. ಹೆಂಡತಿ ಇನ್ನೂ ಹದಿನಾಲ್ಕು ತಿಂಗಳು ಇದ್ದಳು. ಪಟ್ಟಿಯಿಂದ ಕರೆ ಬರಲಿಲ್ಲ.